ಕೋಲ್ಕತ್ತಾದ ಟ್ರಾಮ್ ಯಾರಿಗೆ ಅಡ್ಡ?

ಇವತ್ತು ರಾಜ್ಯ ರಾಜಕಾರಣಕ್ಕೆ ಸ್ವಲ್ಪ ರಜೆ. ಕೋಲ್ಕತ್ತಾದಿಂದ ಒಂದು ಸುದ್ದಿ ಬಂದಿದೆ. ನಮ್ಮ ಬುಲೆಟಿನ್‌ನಲ್ಲಿ ಅದು ಪರದೆಯ ಕೆಳಗೆ ಒಂದು ಸಾಲಾಗಿ ಓಡಿಹೋಯ್ತು, ನೀವು ಗಮನಿಸಿರಲಿಕ್ಕಿಲ್ಲ. ಅಲ್ಲಿನ ಟ್ರಾಮ್‌ಗಳನ್ನು ನಿಲ್ಲಿಸ್ತಾರಂತೆ. ಮೈದಾನದಿಂದ ಎಸ್ಪ್ಲನೇಡ್‌ವರೆಗಿನ ಒಂದು ಸಣ್ಣ ತುಂಡು ಮಾತ್ರ ಉಳಿಯುತ್ತೆ, ಅದೂ ಪಾರಂಪರಿಕ ಸವಾರಿ ಅಂತ. ಬೆಂಗಳೂರಲ್ಲಿ ಕೂತವರಿಗೆ ಇದರಿಂದ ಏನಾಗಬೇಕು ಅಂತ ನೀವು ಕೇಳಬಹುದು. ಹೇಳ್ತೀನಿ.

2024ರ ಮೇ ತಿಂಗಳಲ್ಲಿ ಲೋಕಸಭಾ ಚುನಾವಣೆಯ ವರದಿಗೆ ನಾನು ಆ ಊರಿಗೆ ಹೋಗಿದ್ದೆ. ಹೊರಡುವ ಮುಂಚೆ ಎಲ್ಲರೂ ಹೇಳಿದ್ದು ಒಂದೇ ಮಾತು: ಸೆಖೆ, ಗಲೀಜು, ಜಗಳ, ಬೇಗ ಮುಗಿಸಿಕೊಂಡು ಬನ್ನಿ. 1985ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರೇ ಅದನ್ನು ಸಾಯುತ್ತಿರುವ ನಗರ ಅಂದಿದ್ದರು. ಆ ಹಣೆಪಟ್ಟಿ ಇನ್ನೂ ಹೋಗಿಲ್ಲ. ನಮ್ಮ ಅಜ್ಜಿಯಂದಿರ ಕಾಲಕ್ಕೆ ಹಾಗಿರಲಿಲ್ಲ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದಿದ್ದರಲ್ಲ, ಆ ತಲೆಮಾರಿನವರಿಗೆ ವಂಗದೇಶ ಅಂದ್ರೆ ಪಕ್ಕದ ಊರಿನಷ್ಟು ಪರಿಚಯ. ನಮಗೆ ಗೊತ್ತಿರೋದು ರಸಗುಲ್ಲ ಮತ್ತು ಈಡನ್ ಗಾರ್ಡನ್ಸ್, ಅಷ್ಟೇ.

ಸೆಖೆ ನಿಜ. ಹತ್ತು ನಿಮಿಷಕ್ಕೆ ಅಂಗಿ ಮೈಗೆ ಅಂಟುತ್ತೆ. ಮಿಕ್ಕದ್ದು ಬೇರೆ ಕಥೆ. ಹೌರಾ ಮೈದಾನದಿಂದ ಎಸ್ಪ್ಲನೇಡ್‌ಗೆ ಹೊಸ ಮೆಟ್ರೋ ಹೂಗ್ಲಿ ನದಿಯ ತಳದಡಿಯಲ್ಲಿ ಹೋಗುತ್ತೆ. 2024ರ ಮಾರ್ಚ್‌ನಲ್ಲಿ ಶುರುವಾದದ್ದು, ನದಿ ದಾಟೋಕೆ ಒಂದು ನಿಮಿಷವೂ ಬೇಡ. ಅದೇ ನದಿಯನ್ನು ಹೌರಾ ಘಾಟ್‌ನಿಂದ ದೋಣಿಯಲ್ಲೂ ದಾಟಬಹುದು, ತಣ್ಣಗೆ ಗಾಳಿ ತಗೊಂಡು. ಇಲ್ಲವೇ 1943ರ ಹೌರಾ ಸೇತುವೆಯ ಮೇಲೆ ನಡೆದುಕೊಂಡು, ಕೆಳಗೆ ಮಲ್ಲಿಕ್ ಘಾಟ್‌ನ ಚೆಂಡುಹೂವಿನ ರಾಶಿ ನೋಡ್ತಾ ಹೋಗಬಹುದು. ನಾನು ಮೂರೂ ರೀತಿಯಲ್ಲಿ ದಾಟಿದೆ. ಹೊಸದು ಬಂತು ಅಂತ ಹಳೇದನ್ನು ಕಿತ್ತು ಹಾಕದ ಊರು ಇದು ಅಂತ ಅವತ್ತು ಅನ್ನಿಸಿತ್ತು.

ಆದರೆ ನನ್ನ ಮನಸ್ಸು ಹಿಡಿದದ್ದು ಟ್ರಾಮ್. ಶ್ಯಾಮ್‌ಬಜಾರ್‌ನಲ್ಲಿ 5ನೇ ನಂಬರ್ ಹತ್ತಿದೆ. ಟಿಕೆಟ್ ಹತ್ತು ರೂಪಾಯಿಗೂ ಕಡಿಮೆ. ಕಂಡಕ್ಟರ್ ಕೊಟ್ಟ ಚೀಟಿ ನಮ್ಮ ಹಳೇ ಬಿಟಿಎಸ್ ಬಸ್ ಟಿಕೆಟ್ಟಿನ ಹಾಗೆ ತೆಳ್ಳಗಿತ್ತು. ಮರದ ಕಿಟಕಿ, ತಲೆ ಮೇಲೆ ಗಿರಗಿರ ಅನ್ನುವ ಫ್ಯಾನು. ಚಾಲಕ ಕಾಲಲ್ಲಿ ಒತ್ತಿದರೆ ಟಣ್ ಟಣ್ ಅಂತ ಗಂಟೆ. ಹಳಿಯ ಮೇಲೆ ಯಾರೋ ಕಾರು ನಿಲ್ಲಿಸಿ ಹೋಗಿದ್ದರು. ಗಂಟೆ ಬಾರಿಸ್ತಾ ನಿಂತೆವು, ನಾಲ್ಕೈದು ನಿಮಿಷ. ಕಾರಿನವನು ಬಂದ, ಒಂದು ನಗು ನಕ್ಕ, ತೆಗೆದ. ಯಾರೂ ಕಿರುಚಲಿಲ್ಲ. ಅಬ್ಬರ ಮಾಡೋದೇ ವೃತ್ತಿಯಾದ ನನಗೆ ಇದು ಅತ್ಯಂತ ವಿಚಿತ್ರ ದೃಶ್ಯ!

ಪಕ್ಕದಲ್ಲಿ ಕೂತಿದ್ದ ಹಿರಿಯರು, ಎಂಬತ್ತರ ಆಸುಪಾಸು, ಎಲ್ಲಿಂದ ಬಂದಿರಿ ಅಂತ ಕೇಳಿದರು. ಬೆಂಗಳೂರು ಅಂದೆ. ‘ನನ್ನ ಮಗ ಅಲ್ಲೇ, ವೈಟ್‌ಫೀಲ್ಡ್’ ಅಂದರು. ಆ ಊರಲ್ಲಿ ಹೋದಲ್ಲೆಲ್ಲ ಇದೇ ಮಾತು, ಮಗ ವೈಟ್‌ಫೀಲ್ಡ್, ಮಗಳು ಮಾರತ್ತಹಳ್ಳಿ. ‘ದಿನಾ ಸಂಜೆ ಫೋನ್ ಮಾಡ್ತಾನೆ, ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಾಗ. ನಿಮ್ಮೂರಿನ ಟ್ರಾಫಿಕ್ ಕರಗಿದ ದಿನ ನನ್ನ ಮಗ ನನಗೆ ಇಲ್ಲ’ ಅಂತ ನಕ್ಕರು. ನಾನೂ ನಕ್ಕೆ. ಆಮೇಲೆ ನಗು ಬರಲಿಲ್ಲ. ಅವರು ಕಾಲೇಜ್ ಸ್ಟ್ರೀಟ್‌ನಲ್ಲಿ ಇಳಿದರು. ಇಳಿಯೋಕೆ ಅವರಿಗೆ ಸಾಕಷ್ಟು ಹೊತ್ತು ಬೇಕಾಯ್ತು, ಟ್ರಾಮ್ ಕಾಯ್ತು. ಎಂಬತ್ತರ ಮನುಷ್ಯ ಒಬ್ಬನೇ, ಯಾರ ಕೈಯನ್ನೂ ಹಿಡಿಯದೆ, ಪುಸ್ತಕ ನೋಡೋಕೆ ಹೊರಟಿದ್ದ. ನಮ್ಮೂರಲ್ಲಿ ಆ ವಯಸ್ಸಿನವರು ಒಬ್ಬರೇ ಸಿಲ್ಕ್ ಬೋರ್ಡ್ ದಾಟ್ತಾರಾ?

ನಾನೂ ಅಲ್ಲೇ ಇಳಿದೆ. ಫುಟ್‌ಪಾತ್ ತುಂಬ ಪುಸ್ತಕದ ಗೂಡುಗಳು. ಇಂಡಿಯನ್ ಕಾಫಿ ಹೌಸ್‌ನಲ್ಲಿ ಒಂದು ಕಾಫಿ ತಗೊಂಡು ಗಂಟೆಗಟ್ಟಲೆ ಹರಟಬಹುದು, ಏಳಿ ಅನ್ನೋರಿಲ್ಲ. ನಮ್ಮ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಜಾಗ ಖಾಲಿ ಮಾಡಿ ಚರ್ಚ್ ಸ್ಟ್ರೀಟಿಗೆ ಹೋದದ್ದು ನೆನಪಾಯ್ತು.

ಎಲ್ಲ ಹಳೆಯದೂ ಚೆಂದ ಅಂತ ನಾನು ಹೇಳ್ತಿಲ್ಲ. ಕೈಯಲ್ಲಿ ಎಳೆಯುವ ರಿಕ್ಷಾ ಅಲ್ಲಿ ಇನ್ನೂ ಇದೆ. ಮನುಷ್ಯ ಮನುಷ್ಯನನ್ನು ಎಳೆಯೋದನ್ನು ಕ್ಯಾಮೆರಾಗಳು ಸುಂದರವಾಗಿ ತೋರಿಸ್ತವೆ. ನಾನು ಹತ್ತಲಿಲ್ಲ, ತೋರಿಸಲೂ ಇಲ್ಲ. ಅದು ಹೋಗಬೇಕು, ಎಳೆಯುವವನಿಗೆ ಬೇರೆ ದಾರಿ ಕೊಟ್ಟು ಹೋಗಬೇಕು.

ಟ್ರಾಮ್ ಹಾಗಲ್ಲ. 1873ರಲ್ಲಿ ಕುದುರೆ ಎಳೆಯುತ್ತಿದ್ದ ಗಾಡಿಯಾಗಿ ಶುರುವಾಗಿ, 1902ರಲ್ಲಿ ವಿದ್ಯುತ್‌ಗೆ ಬದಲಾಯಿತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅಂದರೆ ನಮ್ಮ ಬೀದಿಯಲ್ಲಿ ಮೊದಲ ಬಲ್ಬ್ ಹೊತ್ತಿಕೊಳ್ಳುವ ಮೂರು ವರ್ಷ ಮೊದಲೇ ಅಲ್ಲಿ ಎಲೆಕ್ಟ್ರಿಕ್ ಗಾಡಿ ಓಡ್ತಿತ್ತು! ಈಗ ಎಲೆಕ್ಟ್ರಿಕ್ ಬಸ್ಸಿಗೆ ನಮ್ಮ ಮಂತ್ರಿಗಳು ಹಸಿರು ಬಾವುಟ ತೋರಿಸಿದರೆ ನಾವು ಲೈವ್ ಕೊಡ್ತೀವಿ.

ಬಂಗಾಳ ಸರ್ಕಾರ ಹೇಳೋದು ಏನು? ನಗರದ ವಿಸ್ತೀರ್ಣದಲ್ಲಿ ರಸ್ತೆಗೆ ಇರೋದು ಶೇಕಡಾ 6ರಷ್ಟು ಜಾಗ, ನಿಧಾನ ಹೋಗುವ ಟ್ರಾಮ್‌ನಿಂದ ಸಂಚಾರ ಕಟ್ಟುತ್ತೆ ಅಂತ. ಈ ವಾದವನ್ನು ತಳ್ಳಿಹಾಕೋಕೆ ಆಗಲ್ಲ, ಅಲ್ಲಿನ ರಸ್ತೆಗಳನ್ನು ಕಣ್ಣಾರೆ ನೋಡಿದ್ದೀನಿ. ಆದರೆ ಒಂದು ಪ್ರಶ್ನೆ. ಜಾಗ ಕಡಿಮೆ ಇದ್ದರೆ ಅದನ್ನು ಯಾರಿಗೆ ಕೊಡಬೇಕು? ಹತ್ತಾರು ಜನರನ್ನು ಒಟ್ಟಿಗೆ ಒಯ್ಯುವ ಗಾಡಿಗಾ, ಒಬ್ಬನೇ ಕೂತ ಕಾರಿಗಾ? ಮದ್ರಾಸ್ 1953ರಲ್ಲೇ ಟ್ರಾಮ್ ನಿಲ್ಲಿಸಿತು, ಬಾಂಬೆ 1964ರಲ್ಲಿ. ಅದರಿಂದ ಮುಂಬೈ ರಸ್ತೆ ಖಾಲಿಯಾಯ್ತಾ?

ಕೋಲ್ಕತ್ತಾದವರಿಗೆ ಟ್ರಾಮ್ ಪ್ರದರ್ಶನದ ವಸ್ತು ಆಗಿರಲೇ ಇಲ್ಲ. 1953ರಲ್ಲಿ ಅದನ್ನು ನಡೆಸುತ್ತಿದ್ದ ಬ್ರಿಟಿಷ್ ಕಂಪನಿ ಎರಡನೇ ದರ್ಜೆಯ ದರವನ್ನು ಒಂದೇ ಒಂದು ಪೈಸೆ ಏರಿಸಿತು. ಊರಿಗೆ ಊರೇ ಬೀದಿಗಿಳಿಯಿತು. ಕೊನೆಗೆ ಏರಿಕೆ ವಾಪಸಾಯ್ತು. ಒಂದು ಪೈಸೆಗೆ ಹೋರಾಡಿದ ಜನ, ಹಾಗಂದ್ರೆ ಅದರಲ್ಲಿ ಓಡಾಡ್ತಿದ್ದವರು ಎಂಥವರು ಅಂತ ಲೆಕ್ಕ ಹಾಕಿ. ಅವರ ಮೊಮ್ಮಕ್ಕಳಿಗೆ ಈಗ ಮೈದಾನದ ಪಕ್ಕ ಒಂದು ಸುತ್ತು ಕೊಡ್ತಾರಂತೆ, ಫೋಟೋ ತೆಗೆಸಿಕೊಳ್ಳೋಕೆ.

ಟ್ರಾಮ್ ಪ್ರಯಾಣಿಕರು ಸುಮ್ಮನೆ ಕೂತಿಲ್ಲ. ವಿಷಯ ಕಲ್ಕತ್ತಾ ಹೈಕೋರ್ಟ್‌ನಲ್ಲಿದೆ. ಹೌದು, ಊರು 2001ರಲ್ಲಿ ಕೋಲ್ಕತ್ತಾ ಆದರೂ ಹೈಕೋರ್ಟ್ ಮಾತ್ರ ಇನ್ನೂ ಕಲ್ಕತ್ತಾ! ಅಲ್ಲಿಂದ ಏನು ಆದೇಶ ಬರುತ್ತೋ ಬರಲಿ, ಬಂದ ದಿನ ಈ ಕಾರ್ಯಕ್ರಮದಲ್ಲೇ ಹೇಳ್ತೀನಿ, ಕೆಳಗಿನ ಪಟ್ಟಿಯಲ್ಲಿ ಅಲ್ಲ. ಅಷ್ಟರಲ್ಲಿ ನಿಮ್ಮಲ್ಲಿ ಯಾರಾದರೂ ಆ ಕಡೆ ಹೋಗುವವರಿದ್ದರೆ, ವಿಕ್ಟೋರಿಯಾ ಮೆಮೋರಿಯಲ್ ಆಮೇಲೆ ನೋಡಿ. ಅದು ಎಲ್ಲೂ ಹೋಗಲ್ಲ. ಬೆಳಿಗ್ಗೆ ಬೇಗ ಶ್ಯಾಮ್‌ಬಜಾರ್‌ಗೆ ಹೋಗಿ, ಕಿಟಕಿ ಪಕ್ಕ ಸೀಟು ಹಿಡೀರಿ.