ಹತ್ತರ ಕೂಟದಲ್ಲಿ ಹದಿನೆಂಟು ಮನೆ



ಕಾನ್ಫರೆನ್ಸ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ವೇದಿಕೆ, ಹಾರ-ತುರಾಯಿ, ಊಟದ ಕೂಪನ್ನು. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಆ ಮಾತಿಗೆ ಅರ್ಥ ಬೇರೆ. ವರ್ಷವರ್ಷವೂ ತಮ್ಮತಮ್ಮಲ್ಲೇ ಆಡಿಕೊಳ್ಳುವ ವಿಶ್ವವಿದ್ಯಾಲಯಗಳ ಕೂಟ ಅದು. ನಮ್ಮ ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಮೈಸೂರಿನದು ದಕ್ಷಿಣ ವಲಯ. ನಾಳೆಯಿಂದ ಪೂರ್ವ ವಲಯದಲ್ಲಿ ಆಡುತ್ತೇವೆಂದು ಯಾರೂ ಹೊರಡುವುದಿಲ್ಲ. ಅಲ್ಲಿ ಹೊರಡಬಹುದು. 2022ರ ಜೂನ್ 30ರಂದು ಲಾಸ್ ಏಂಜಲೀಸಿನ ಎರಡು ವಿಶ್ವವಿದ್ಯಾಲಯಗಳು ಹಾಗೆ ಹೊರಟು ನಿಂತವು: ಖಾಸಗಿ ಯುಎಸ್‌ಸಿ, ಸರ್ಕಾರಿ ಯುಸಿಎಲ್‌ಎ. ನನ್ನ ಮಾತು ಎರಡನೆಯದನ್ನು ಕುರಿತು. ಸಾರ್ವಜನಿಕ ಸಂಸ್ಥೆಯಾದ್ದರಿಂದ ಅದನ್ನು ಪ್ರಶ್ನಿಸುವವರಿದ್ದರು.

ಬಿಟ್ಟ ಮನೆ 'ಪ್ಯಾಕ್-12'. 1915ರಲ್ಲಿ ಪೋರ್ಟ್‌ಲೆಂಡಿನಲ್ಲಿ ನಾಲ್ಕು ಸಂಸ್ಥೆಗಳು ಕಟ್ಟಿದ ಪೆಸಿಫಿಕ್ ಕರಾವಳಿ ಕೂಟದ ಪರಂಪರೆ ಅದರದು. ಯುಸಿಎಲ್‌ಎ ಬಂದದ್ದು 1928ರಲ್ಲಿ. ಸೇರಿದ ಮನೆ 'ಬಿಗ್ ಟೆನ್', 1896ರಲ್ಲಿ ಷಿಕಾಗೋದಲ್ಲಿ ಹುಟ್ಟಿದ್ದು. ಹೆಸರಿನಲ್ಲಿ ಹತ್ತು, 2024ರಲ್ಲಿ ಸದಸ್ಯರು ಹದಿನೆಂಟು. ಆ ಹದಿನೆಂಟರಲ್ಲೂ ಗಣಿತ ವಿಭಾಗಗಳಿವೆ ಎಂಬುದನ್ನು ಮರೆಯಬಾರದು.

ಇದರ ಬೇರು 1984ರ ಒಂದು ತೀರ್ಪಿನಲ್ಲಿದೆ. ಅದುವರೆಗೆ ಕಾಲೇಜು ಫುಟ್‌ಬಾಲಿನ (ಹೆಚ್ಚಾಗಿ ಕೈಯಲ್ಲೇ ಆಡುವ ಅವರ ಫುಟ್‌ಬಾಲು) ದೂರದರ್ಶನ ಪ್ರಸಾರ ರಾಷ್ಟ್ರೀಯ ಸಂಘದ ಹಿಡಿತದಲ್ಲಿತ್ತು. ಅದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟು ಹೇಳಿತು. ಕೂಟಗಳು ತಾವೇ ಮಾರಾಟಕ್ಕಿಳಿದವು. ಮಾರುವವನಿಗೆ ನೆರೆಹೊರೆ ಮುಖ್ಯವಲ್ಲ, ನೋಡುಗರ ಸಂಖ್ಯೆ ಮುಖ್ಯ. ಲಾಸ್ ಏಂಜಲೀಸಿನಲ್ಲಿ ನೋಡುಗರಿಗೇನು ಬರ? 2022ರ ಆಗಸ್ಟ್‌ನಲ್ಲಿ ಬಿಗ್ ಟೆನ್ ಮಾಡಿಕೊಂಡ ಏಳು ವರ್ಷಗಳ ಪ್ರಸಾರ ಒಪ್ಪಂದ 700 ಕೋಟಿ ಡಾಲರಿಗೂ ಮೀರಿದ್ದು. ಇತ್ತ ಯುಸಿಎಲ್‌ಎ ಕ್ರೀಡಾ ವಿಭಾಗದ 2021ರ ಕೊರತೆಯೇ 6 ಕೋಟಿ ಡಾಲರಿಗೂ ಹೆಚ್ಚು. ಹಣ ಬಾರದಿದ್ದರೆ ಸಣ್ಣ ಆಟಗಳ ತಂಡಗಳನ್ನು ಮುಚ್ಚಬೇಕಾದೀತು ಎಂಬುದು ಅವರ ವಾದ. ಇದನ್ನು ಬರಿಯ ನೆಪವೆಂದು ತಳ್ಳಿಹಾಕಲಾರೆ.

ಆದರೆ ಪಯಣದ ಭಾರ ಬಿದ್ದದ್ದೂ ಆ ಸಣ್ಣ ಆಟಗಳ ಮೇಲೆಯೇ. ಫುಟ್‌ಬಾಲು ವಾರಕ್ಕೊಂದು ಪಂದ್ಯ. ವಾಲಿಬಾಲ್, ಸಾಫ್ಟ್‌ಬಾಲ್ ಹಾಗಲ್ಲ. ಬಿಗ್ ಟೆನ್‌ನ ರಟ್ಗರ್ಸ್ ಇರುವುದು ನ್ಯೂಜೆರ್ಸಿಯಲ್ಲಿ: ಸುಮಾರು 4000 ಕಿಲೋಮೀಟರು, ಗಡಿಯಾರದಲ್ಲಿ ಮೂರು ಗಂಟೆ ಅಂತರ. ಬೆಂಗಳೂರು-ದೆಹಲಿಯ ಎರಡರಷ್ಟಕ್ಕೂ ಮಿಗಿಲು. ಆಡಿ ಮರಳಿದ ಹುಡುಗಿ ಸೋಮವಾರ ತರಗತಿಯಲ್ಲಿರಬೇಕು. ಪ್ರಸಾರದ ಒಪ್ಪಂದಕ್ಕೆ ಸಹಿ ಹಾಕಿದವಳು ಅವಳಲ್ಲ.

ಇನ್ನೊಂದು ತೊಡಕು ಮನೆಯೊಳಗಿನದು. ಯುಸಿಎಲ್‌ಎ, ಬರ್ಕ್‌ಲಿ ಎರಡೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವೇ. ಆಳುವ ರೀಜೆಂಟರ ಮಂಡಳಿಯೂ ಒಂದೇ. ತಮ್ಮ ಹೊರಟುಹೋದರೆ ಹಳೆಯ ಕೂಟದ ಬೆಲೆ ಕುಸಿದು ಅಣ್ಣನ ಆದಾಯಕ್ಕೆ ಪೆಟ್ಟು. ಪದನಿಮಿತ್ತ ರೀಜೆಂಟರಾದ ಗವರ್ನರ್ ಗ್ಯಾವಿನ್ ನ್ಯೂಸಮ್ ಬಹಿರಂಗವಾಗಿ ಕಾರಣ ಕೇಳಿದರು. 2022ರ ಡಿಸೆಂಬರಿನಲ್ಲಿ ಮಂಡಳಿ ಒಪ್ಪಿತು, ಷರತ್ತಿನ ಮೇಲೆ: ಕ್ರೀಡಾಪಟುಗಳ ಆಹಾರಕ್ಕೆ, ಓದಿಗೆ, ಮನಸ್ಸಿನ ಆರೋಗ್ಯಕ್ಕೆ ಹೆಚ್ಚು ವೆಚ್ಚ ಮಾಡಬೇಕು, ಬರ್ಕ್‌ಲಿಗೆ ವರ್ಷಕ್ಕೆ 20 ಲಕ್ಷದಿಂದ 1 ಕೋಟಿ ಡಾಲರು ಕೊಡಬೇಕು. 2024ರಲ್ಲಿ ಆ ಮೊತ್ತ 1 ಕೋಟಿಗೇ ನಿಂತಿತು. ಪತ್ರಿಕೆಗಳು ಅದನ್ನು ವಿಚ್ಛೇದನದ ಜೀವನಾಂಶಕ್ಕೆ ಹೋಲಿಸಿ ನಕ್ಕವು.

ಅಷ್ಟರಲ್ಲಿ ಕೂಟವೇ ಚದುರಿತ್ತು. 2023ರ ಆಗಸ್ಟ್ 4ರಂದು ಒಂದೇ ದಿನ ಐದು ಸಂಸ್ಥೆಗಳು ಕಾಲ್ತೆಗೆದವು. ಪೆಸಿಫಿಕ್ ದಡದ ಬರ್ಕ್‌ಲಿ, ಸ್ಟ್ಯಾನ್‌ಫರ್ಡ್‌ಗಳು ಸೇರಿದ ಕೂಟದ ಹೆಸರು 'ಅಟ್ಲಾಂಟಿಕ್ ಕರಾವಳಿ'! ಉಳಿದವು ಎರಡು: ವಾಷಿಂಗ್ಟನ್ ಸ್ಟೇಟ್ ಮತ್ತು 1915ರ ನಾಲ್ವರಲ್ಲೊಂದಾಗಿದ್ದ ಆರೆಗಾನ್ ಸ್ಟೇಟ್. ನ್ಯಾಯಾಲಯಕ್ಕೆ ಹೋಗಿ ಅವು ಕೂಟದ ಆಡಳಿತವನ್ನು ಉಳಿಸಿಕೊಂಡವು. 2024ರ ಫುಟ್‌ಬಾಲ್ ಋತುವಿನಲ್ಲಿ ಪ್ಯಾಕ್-12ರೊಳಗೆ ನಡೆದದ್ದು ಇವೆರಡರ ನಡುವಿನ ಒಂದೇ ಪಂದ್ಯ. 41-38ರಿಂದ ಆರೆಗಾನ್ ಸ್ಟೇಟ್ ಗೆದ್ದಿತು.