ಗೆಜ್ಜೆ ಕಟ್ಟುವ ಮಕ್ಕಳೂ ಜತೆಗೆ ನಡೆಯುವ ಹೆತ್ತವರೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನಾದವನು ವಾರ್ಷಿಕೋತ್ಸವದ ವೇದಿಕೆ ಹತ್ತಿದರೆ ಪಂಪನನ್ನೋ ಕುಮಾರವ್ಯಾಸನನ್ನೋ ಕೈಹಿಡಿದುಕೊಂಡೇ ಹತ್ತುತ್ತಾನೆಂದು ತಾವು ಎಣಿಸಿರಬಹುದು. ಕಾರ್ಯದರ್ಶಿಗಳೂ ಹಾಗೆಯೇ ಎಣಿಸಿದ್ದರು. ಆದರೆ ಈ ಸಲ ನಾವು ಆರಿಸಿಕೊಂಡ ವಿಷಯ ಬೇರೆ. ಕಳೆದ ಮಳೆಗಾಲದಲ್ಲಿ ಒಂದು ಸಾಯಂಕಾಲ ಶಾಲೆಯ ಜಗಲಿಯಲ್ಲಿ ತಾಯಿಯೊಬ್ಬರು ಕೊಡೆ ಮಡಚಿಕೊಂಡು ನಿಂತಿದ್ದರು. ಅವರ ಮಗ ಏಳನೆಯ ತರಗತಿಯ ಹುಡುಗ, ಕುಣಿತದಲ್ಲಿ ಜಾಣ. "ಮಾಷ್ಟ್ರೇ, ಇವನು ಮುಂದಿನ ವರ್ಷ ಕಲಾಶಾಲೆಗೇ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಆಯ್ಕೆಯ ಪರೀಕ್ಷೆ ಉಂಟಂತೆ. ನಾನು ಏನು ಮಾಡಬೇಕು?" ಎಂದು ಕೇಳಿದರು. ಗಂಟೆ ಬಾರಿಸಿದ ಹೊತ್ತು, ಬಸ್ಸಿನ ಅವಸರ. "ಓದು ಮುಗಿಯಲಿ, ಆಮೇಲೆ ನೋಡುವಾ" ಎಂದು ನಾವು ನುಡಿದು ಕಳುಹಿದೆವು. ಆ ಉತ್ತರ ನಮ್ಮ ಮನಸ್ಸನ್ನು ಅಂದಿನಿಂದಲೂ ಚುಚ್ಚುತ್ತಿದೆ. ಇಂದಿನ ಮಾತು ಆ ತಾಯಿಗೆ ನಾವು ತಡವಾಗಿ ಸಲ್ಲಿಸುತ್ತಿರುವ ಉತ್ತರವೆಂದು ತಿಳಿಯಬೇಕು.

ಕುಣಿತವನ್ನೇ ಬಾಳುವೆಯಾಗಿ ಆರಿಸಿಕೊಳ್ಳುವ ಎಳೆಯರಿಗಾಗಿ ವಸತಿಶಾಲೆಗಳನ್ನು ಕಟ್ಟಿ, ಪರೀಕ್ಷಿಸಿ ಸೇರಿಸಿಕೊಂಡು, ಎಂಟು ಹತ್ತು ವರ್ಷ ತಿದ್ದುವ ಪದ್ಧತಿ ಯುರೋಪಿನ ಬ್ಯಾಲೆಯಲ್ಲಿ ಬಹು ಹಳೆಯದು. ಪ್ಯಾರಿಸ್ಸಿನ ಒಪೆರಾದ ನೃತ್ಯಶಾಲೆ 1713ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಕಾಲದಲ್ಲಿ ಹುಟ್ಟಿತು. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಶಾಲೆ 1738ರದು; ಅಲ್ಲಿ ಮೊದಲು ಕಲಿಯಲು ಬಂದವರು ಅರಮನೆಯ ಸೇವಕರ ಮಕ್ಕಳು. ಬ್ಯಾಲೆ ಎಂಬ ಶಬ್ದ ನಮ್ಮ ಕರಾವಳಿಗೆ ತೀರ ಹೊಸತಲ್ಲ. ಶಿವರಾಮ ಕಾರಂತರು ಯಕ್ಷಗಾನದಿಂದಲೇ ಬ್ಯಾಲೆಯೊಂದನ್ನು ರೂಪಿಸಿ ಹೊರನಾಡಿಗೆ ಒಯ್ದುದನ್ನು ಹಿರಿಯರು ಬಲ್ಲರು.

ಆ ಪೀಟರ್ಸ್‌ಬರ್ಗಿನ ಶಾಲೆಯ ಬಾಗಿಲಿಗೆ ಬಟ್ಟೆ ಒಗೆದು ಜೀವಿಸುತ್ತಿದ್ದ ಒಬ್ಬ ತಾಯಿ ತನ್ನ ಮಗಳನ್ನು ಕರೆದುಕೊಂಡು ಹೋದಳು. ಒಂದು ಹಬ್ಬಕ್ಕೆಂದು ಮಗಳಿಗೆ ಬ್ಯಾಲೆಯೊಂದನ್ನು ತೋರಿಸಿದ್ದಳು. ಹುಡುಗಿಗೆ ಅದೇ ಗೀಳಾಯಿತು. ಶಾಲೆಯವರು ನೋಡಿ, ಮಗು ತೀರ ಎಳೆಯದು, ಬಡಕಲು ಎಂದು ಹಿಂದೆ ಕಳುಹಿಸಿದರು. ಹತ್ತು ತುಂಬಿದ ಮೇಲೆ ಮತ್ತೆ ಹೋಗಿ 1891ರಲ್ಲಿ ಪ್ರವೇಶ ಪಡೆದಳು. ಒಳಗೆ ಹೋದ ಮೇಲೂ ಸುಖವಿರಲಿಲ್ಲ. ತೆಳ್ಳನೆಯ ಕೈಕಾಲು ಕಂಡು ಸಹಪಾಠಿಗಳು ಕಸಬರಿಕೆಯೆಂದು ಹೆಸರಿಟ್ಟರು. ಆ ಹುಡುಗಿಯೇ ಅನ್ನಾ ಪಾವ್ಲೊವಾ. ಮುಂದೆ ಆಕೆ ಭಾರತಕ್ಕೂ ಬಂದಳು. ರುಕ್ಮಿಣೀದೇವಿಯವರಿಗೆ ನೃತ್ಯದ ಹುಚ್ಚು ಹಿಡಿಸಿದವಳೂ, ನಿಮ್ಮ ನೆಲದ ಕಲೆಯನ್ನೇ ಅರಸಿರೆಂದು ಸೂಚಿಸಿದವಳೂ ಆಕೆಯೇ. 1936ರಲ್ಲಿ ಮದರಾಸಿನಲ್ಲಿ ಕಲಾಕ್ಷೇತ್ರ ಹುಟ್ಟಿದುದರ ಹಿಂದೆ ದೂರದಲ್ಲೆಲ್ಲೋ ಆ ಅಗಸಗಿತ್ತಿಯ ಟಿಕೆಟಿನ ದುಡ್ಡು ಇದೆಯೆಂದು ನಮಗೆ ಅನಿಸುವುದುಂಟು.

ಇಂಥ ಪರೀಕ್ಷೆಗಳಲ್ಲಿ ಏನನ್ನು ನೋಡುತ್ತಾರೆಂಬುದನ್ನು ಹೆತ್ತವರು ಮೊದಲು ತಿಳಿದಿರಬೇಕು. ನಮ್ಮಲ್ಲಿ ಅನೇಕರು, ಮಗು ಕಲಿತ ನೃತ್ಯವನ್ನು ತಪ್ಪಿಲ್ಲದೆ ಒಪ್ಪಿಸಿದರೆ ಆಯ್ಕೆ ಖಂಡಿತವೆಂದು ನಂಬಿರುತ್ತೇವೆ. ಬ್ಯಾಲೆ ಶಾಲೆಗಳಲ್ಲಿ ಹತ್ತು ಹನ್ನೊಂದರ ಮಕ್ಕಳಲ್ಲಿ ಕಲಿತ ವಿದ್ಯೆಗಿಂತ ಹೆಚ್ಚಾಗಿ ಮೈಯನ್ನೇ ನೋಡುತ್ತಾರೆ. ಸೊಂಟದ ಕೀಲು ಹೊರಮುಖವಾಗಿ ಎಷ್ಟು ತಿರುಗುತ್ತದೆ, ಪಾದದ ಕಮಾನು ಹೇಗಿದೆ, ಬೆನ್ನು ಎಷ್ಟು ಬಾಗುತ್ತದೆ, ನೆಗೆತದಲ್ಲಿ ಚಿಮ್ಮು ಇದೆಯೆ, ಪಿಯಾನೊ ನಿಧಾನವಾದರೆ ಮಗುವಿನ ಕೈಯೂ ನಿಧಾನವಾಗುತ್ತದೆಯೆ, ಹೇಳಿದ ತಿದ್ದುಪಡಿ ಕೂಡಲೆ ಮೈಗೆ ಇಳಿಯುತ್ತದೆಯೆ ಎಂದು ನೋಡುತ್ತಾರೆ. ಮದ್ದಳೆ ಮಾಡುವವನು ಮರವನ್ನು ಬೆರಳಿನಿಂದ ಬಡಿದು ನೋಡುವನಷ್ಟೆ. ಅದು ಆ ಮದ್ದಳೆಗೆ ಒದಗದಿದ್ದರೆ ಮರವೇ ಕೆಟ್ಟದೆಂದು ಯಾರೂ ಹೇಳರು. ಸೊಂಟದ ಎಲುಬಿನ ರಚನೆ ಹುಟ್ಟಿನಿಂದ ಬಂದದ್ದು. ಅದಕ್ಕಾಗಿ ಮಗುವನ್ನು ಗದರಿ ಫಲವೇನು? ಈ ಮಾತನ್ನು ಪರೀಕ್ಷೆಗೆ ಹೋಗುವ ಮುಂಚೆಯೇ ಮಗುವಿಗೆ ತಿಳಿಹೇಳಬೇಕು. ಹಿಂದಿರುಗುವಾಗ ಹೇಳಿದರೆ ಅದು ಬರಿಯ ಸಮಾಧಾನದ ಮಾತಾಗಿ ಕೇಳಿಸುತ್ತದೆ.

ಇದನ್ನು ನಾವು ಪುಸ್ತಕ ನೋಡಿ ಹೇಳುತ್ತಿಲ್ಲ. ನಮ್ಮ ಮಗಳು ಹನ್ನೆರಡನೆಯ ವಯಸ್ಸಿನಲ್ಲಿ ಒಂದು ನೃತ್ಯವಿದ್ಯಾಲಯದ ಆಯ್ಕೆಗೆ ಹೋದಳು. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ರೈಲು ಹತ್ತಿದೊಡನೆ ನಾವು, ಪಾಠ ಒಪ್ಪಿಸದ ವಿದ್ಯಾರ್ಥಿಯನ್ನು ವಿಚಾರಿಸುವ ಧಾಟಿಯಲ್ಲಿಯೇ ಆರಂಭಿಸಿದೆವು: ಎರಡನೆಯ ಸಲ ತಾಳ ಏಕೆ ತಪ್ಪಿತು? ಗುರುಗಳು ಕೇಳಿದಾಗ ತಲೆ ಏಕೆ ತಗ್ಗಿಸಿದೆ? ಪಕ್ಕದ ಹುಡುಗಿ ಹೇಗೆ ನಗುನಗುತ್ತ ಇದ್ದಳು ನೋಡಿದೆಯಾ? ಮಗು ಕಿಟಕಿಯ ಕಡೆ ಮುಖ ಮಾಡಿ ಕುಳಿತಿತು. ಕಾಸರಗೋಡು ಬರುವವರೆಗೆ ಒಂದು ಮಾತನ್ನೂ ಆಡಲಿಲ್ಲ. ಮನೆಯವರು ಕಟ್ಟಿಕೊಟ್ಟ ಚಿತ್ರಾನ್ನದ ಪೊಟ್ಟಣ ಬಿಚ್ಚದೆಯೇ ಮನೆಗೆ ಮರಳಿತು. ಐದು ವರ್ಷ ಕಳೆದ ಮೇಲೆ, ಮೊನ್ನೆ ಮೊನ್ನೆ, ಏನೋ ಮಾತಿಗೆ ಅವಳು ಅಂದಳು: "ಅಪ್ಪಾ, ಅಲ್ಲಿ ಆಯ್ಕೆಯಾಗದ್ದು ನನಗೆ ಅಷ್ಟಾಗಿ ನೆನಪಿಲ್ಲ. ರೈಲಿನಲ್ಲಿ ನೀವು ಕೇಳಿದ್ದು ಮಾತ್ರ ಎಲ್ಲ ನೆನಪಿದೆ." ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಮಗೆ ಆಗ ತಲೆ ತಗ್ಗಿಸುವ ಸರದಿ ಬಂತು.

ಆಯ್ಕೆಯಾದರೆ ಕಷ್ಟ ಮುಗಿಯಿತೆಂದೂ ತಿಳಿಯಬಾರದು. ಪ್ಯಾರಿಸ್ಸಿನ ಶಾಲೆಯಲ್ಲಿ ವರ್ಷಾಂತ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮಕ್ಕಳು ಮನೆಗೆ ಮರಳಬೇಕು. ಉಳಿದವರಲ್ಲಿ ಕೆಲವರೇ ಒಪೆರಾದ ತಂಡ ಸೇರುವರು. ಅಲ್ಲಿಯೂ ಕೆಳಗಿನ ಸಾಲಿನಿಂದ 'ಎತ್ವಾಲ್', ಎಂದರೆ ನಕ್ಷತ್ರ, ಎನಿಸುವವರೆಗೆ ಐದು ಮೆಟ್ಟಿಲುಗಳು. ನಮ್ಮ ಮೇಳಗಳ ಕ್ರಮವೂ ಇದಕ್ಕೆ ದೂರವಲ್ಲ. ಪಾರ್ತಿಸುಬ್ಬನ ಈ ಕುಂಬಳೆ ಸೀಮೆಯಲ್ಲಿ ಎಷ್ಟೋ ಮಂದಿ ಹಿರಿಯ ವೇಷಧಾರಿಗಳು ಕೋಡಂಗಿಯಾಗಿ ರಂಗ ಕಂಡು, ಬಾಲಗೋಪಾಲರಾಗಿ, ನಿತ್ಯವೇಷ ಮಾಡಿ, ವರ್ಷವರ್ಷಕ್ಕೆ ಒಂದೊಂದು ಮೆಟ್ಟಿಲು ಏರಿ ಬಂದವರು. ಇಂದಿನ ಹೆತ್ತವರಿಗೆ ಮಾತ್ರ ಮಗು ಮೊದಲನೆಯ ವರ್ಷವೇ ಅಭಿಮನ್ಯುವಾಗಬೇಕು. ಕೋಡಂಗಿಯ ವೇಷಕ್ಕೆ ಚಿತ್ರ ತೆಗೆಯಲು ಯಾರೂ ಮುಂದೆ ಬರುವುದಿಲ್ಲ.

ಇನ್ನು ನಮ್ಮ ರಾಜ್ಯದ ಮಾತು. ಮಹಾಕವಿ ವಳ್ಳತ್ತೋಳರು ಮುಕುಂದರಾಜರೊಡಗೂಡಿ 1930ರಲ್ಲಿ ಸ್ಥಾಪಿಸಿದ ಕೇರಳ ಕಲಾಮಂಡಲ ಭಾರತಪ್ಪುಳೆಯ ದಂಡೆಯ ಚೆರುತುರುತ್ತಿಯಲ್ಲಿದೆ. ಮಕ್ಕಳು ಎಂಟನೆಯ ತರಗತಿಗೆ ಅಲ್ಲಿ ಸೇರಬಹುದು. ಕಲೆಯೊಂದಿಗೆ ಶಾಲೆಯ ಪಾಠವೂ ನಡೆಯುತ್ತದೆ. ಕಥಕಳಿಯ ವಿದ್ಯಾರ್ಥಿಗೆ ದಿನವು ನಸುಕಿಗೆ ಮುನ್ನವೇ ಕಣ್ಣಿನ ಸಾಧಕ, ಕಾಲಿನ ಸಾಧಕಗಳಿಂದ ತೊಡಗುತ್ತದೆ. ಮಳೆಗಾಲದಲ್ಲಿ ಮೈಗೆಲ್ಲ ಎಣ್ಣೆ ಹಚ್ಚಿ ಮಲಗಿಸಿ, ಗುರುಗಳು ಕಾಲಿನಿಂದ ತುಳಿದು ಕೀಲುಗಳನ್ನು ಪಳಗಿಸುವ 'ಉಳಿಚ್ಚಿಲ್' ಎಂಬ ಕ್ರಮವುಂಟು. ಚೆಂಡೆ ಕಲಿಯುವ ಹುಡುಗನಿಗೆ ಮೊದಲೇ ಚೆಂಡೆ ಸಿಗುವುದಿಲ್ಲ. ಕಲ್ಲಿನ ಮೇಲೋ ಮರದ ಮೇಲೋ ಬಡಿದು ಕೈ ಪಳಗಬೇಕು. ಅಲ್ಲಿ ಕಥಕಳಿ ವೇಷದ ತರಗತಿಗೆ ಹುಡುಗಿಯರಿಗೆ ಪ್ರವೇಶ ದೊರೆತದ್ದು 2021ರಲ್ಲಿ. ಮೋಹಿನಿಯಾಟ್ಟಕ್ಕೆ ಹುಡುಗರನ್ನು ಸೇರಿಸಲು ನಿರ್ಧರಿಸಿದ್ದು 2024ರಲ್ಲಿ. ಇಂತಹ ಬಾಗಿಲುಗಳು ನಮ್ಮ ಕಣ್ಣೆದುರೇ ತೆರೆಯುತ್ತಿರುವಾಗ, "ಗಂಡುಹುಡುಗನಿಗೆ ಕುಣಿತವೇಕೆ" ಎಂಬ ಮಾತನ್ನು, ಅದೂ ಗಂಡಸರೇ ಸ್ತ್ರೀವೇಷ ಕಟ್ಟಿ ಹೆಸರು ಪಡೆದ ಈ ಯಕ್ಷಗಾನದ ನಾಡಿನಲ್ಲಿ, ನಾವು ಹೇಗೆ ಆಡೋಣ?

ಆದರೆ ಕನ್ನಡ ಮಾಧ್ಯಮದ ನಮ್ಮ ಮಗುವಿಗೆ ಒಂದು ಹೆಚ್ಚಿನ ತೊಡಕುಂಟು. ಅಂಗಡಿಯಲ್ಲಿ, ಬಸ್ಸಿನಲ್ಲಿ ಮಲಯಾಳ ಸರಾಗವಾಗಿ ಆಡುವ ಮಗು ಚರಿತ್ರೆಯ ಪಾಠವನ್ನು ಮಲಯಾಳದಲ್ಲಿ ಬರೆಯಬೇಕಾದಾಗ ತಬ್ಬಿಬ್ಬಾಗುತ್ತದೆ. ಗುರುಗಳು ಬೈದದ್ದು ಅರ್ಥವಾಗುತ್ತದೆ, ಮೆಚ್ಚಿದ್ದು ಅರ್ಥವಾಗುವುದಿಲ್ಲ ಎಂದು ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬ ಹಾಸ್ಟೆಲಿನಿಂದ ಬರೆದಿದ್ದ. ಆ ವಾಕ್ಯವನ್ನು ನಾವು ಮರೆತಿಲ್ಲ. ಆದಕಾರಣ ಹೋಗುವುದಕ್ಕೆ ಒಂದು ವರ್ಷ ಮೊದಲೇ ಮಲಯಾಳದ ಓದುಬರಹವನ್ನು ಗಟ್ಟಿಮಾಡಿಸಬೇಕು. ಹೀಗೆನ್ನುವುದು ಕನ್ನಡಸಂಘದ ವೇದಿಕೆಗೆ ತಕ್ಕುದೇ ಎಂದು ಕೆಲವರು ಹುಬ್ಬು ಗಂಟಿಕ್ಕಿರುವುದು ಇಲ್ಲಿಂದಲೇ ಕಾಣುತ್ತಿದೆ. ಮಲಯಾಳ ಬಂದರೆ ಕನ್ನಡ ಹೋಗುವುದಿಲ್ಲ. ಮನೆಯಿಂದ ಹೋಗುವ ಕಾಗದ, ಫೋನಿನ ಮಾತು ಕನ್ನಡದಲ್ಲಿ ನಿಂತರೆ ಹೋಗುತ್ತದೆ. ವಾರಕ್ಕೊಂದು ಕಾಗದ ಬರೆಯಿರಿ. ಅದರಲ್ಲಿ ಗುರುಗಳು ಏನೆಂದರು, ಎಷ್ಟನೆಯ ಸ್ಥಾನ ಎಂಬ ಪ್ರಶ್ನೆಗಳಿಗಿಂತ ಹಸು ಕರು ಹಾಕಿದ್ದು, ಮಾವಿನ ಮರ ಹೂಬಿಟ್ಟದ್ದು ಇರಲಿ.

ದೇಹದ ವಿಚಾರದಲ್ಲಿ ನಮಗೆ ಸ್ವಲ್ಪ ಕೋಪವೇ ಉಂಟು. ಶಾಲಾ ಕಲೋತ್ಸವದ ಕಾಲ ಬಂತೆಂದರೆ ಮಕ್ಕಳ ಕೈಯಲ್ಲಿ ಧೀಂಗಿಣ ಹಾಕಿಸುವ ಭರ ನೋಡಬೇಕು. ಸಭೆ ಎಣಿಸುತ್ತದೆ, ಚಪ್ಪಾಳೆ ತಟ್ಟುತ್ತದೆ. ಸಿಮೆಂಟಿನ ನೆಲದ ಮೇಲೆ ದಿನವೂ ನೂರು ನೂರೈವತ್ತು ಸಲ ನೆಗೆದು ಸುತ್ತಿದ ಹುಡುಗ ಮೊಣಕಾಲು ಹಿಡಿದು ಮೆಟ್ಟಿಲಿಳಿಯುವುದನ್ನು ಎಣಿಸುವವರಿಲ್ಲ. ಪಾವ್ಲೊವಾ ವಿದ್ಯಾರ್ಥಿನಿಯಾಗಿದ್ದಾಗ, ಇಟಲಿಯ ನರ್ತಕಿಯೊಬ್ಬಳು ಒಂದೇ ಕಾಲಿನ ಮೇಲೆ ಮೂವತ್ತೆರಡು ಸುತ್ತು ತಿರುಗಿ ಪೀಟರ್ಸ್‌ಬರ್ಗನ್ನು ಬೆರಗುಗೊಳಿಸಿದ್ದಳು. ಅದನ್ನು ಅನುಕರಿಸುತ್ತಿದ್ದ ಈ ಹುಡುಗಿಯನ್ನು ಗುರು ಪಾವೆಲ್ ಗೆರ್ತ್ ತಡೆದು, ಆ ಸಾಹಸಗಳನ್ನು ಗಟ್ಟಿಮೈಯವರಿಗೆ ಬಿಡು, ನಿನ್ನ ಸೊಗಸು ಬೇರೆ ಎಂಬರ್ಥದ ಮಾತು ಹೇಳಿದನಂತೆ. ಬ್ಯಾಲೆಯಲ್ಲಿ ಬೆರಳತುದಿಯ ಮೇಲೆ ನಿಲ್ಲುವ ಪಾದರಕ್ಷೆಯನ್ನು ಒಳ್ಳೆಯ ಗುರುಗಳು ಹಲವು ವರ್ಷದ ಸಾಧನೆಯಿಂದ ಕಾಲು ಗಟ್ಟಿಯಾಗುವ ಮೊದಲು, ಸಾಮಾನ್ಯವಾಗಿ ಹನ್ನೊಂದು ಹನ್ನೆರಡು ವರ್ಷಕ್ಕೆ ಮೊದಲು, ತೊಡಿಸುವುದಿಲ್ಲ. ಬೆಳೆಯುವ ಎಲುಬಿನ ತುದಿಗಳು ಇನ್ನೂ ಮೆದುವಾಗಿರುತ್ತವೆ. ದಣಿವಿನ ನೋವು ಒಂದೆರಡು ದಿನದಲ್ಲಿ ಹೋಗುತ್ತದೆ. ಒಂದೇ ಜಾಗದಲ್ಲಿ ನಿಂತು, ರಾತ್ರಿಯೂ ಎಬ್ಬಿಸುವ ನೋವನ್ನು ವೈದ್ಯರಿಗೆ ತೋರಿಸಲೇಬೇಕು. ಸ್ಪರ್ಧೆ ನಾಳೆಯೇ ಇದ್ದರೂ ತೋರಿಸಬೇಕು. ತೆಳ್ಳಗಾಗಲೆಂದು ಊಟ ಬಿಡಿಸುವ ಹೆತ್ತವರ ಬಗೆಗೆ ಇಲ್ಲಿ ಹೆಚ್ಚು ಹೇಳಲು ನಾಲಗೆ ಬಾರದು.

ಕಲೋತ್ಸವದ ಹೆಸರೆತ್ತಿದ್ದರಿಂದ ಇನ್ನೊಂದು ಮಾತು. ಕಲಾತಿಲಕ, ಕಲಾಪ್ರತಿಭಾ ಎಂಬ ಬಿರುದುಗಳ ಬೆನ್ನು ಹತ್ತಿ ಹೆತ್ತವರೇ ಕಾದಾಡುವುದು ಮಿತಿಮೀರಿ, 2006ರಲ್ಲಿ ಅವುಗಳನ್ನೇ ಕೈಬಿಟ್ಟರು. ಬಿರುದು ಹೋಯಿತು, ಸಾಲ ಮಾಡಿ ವೇಷಭೂಷಣ ತರಿಸುವುದು ಹೋಗಲಿಲ್ಲ.

ದುಡ್ಡಿಲ್ಲದವರು ಏನು ಮಾಡಬೇಕೆಂಬ ಪ್ರಶ್ನೆ ನ್ಯಾಯವಾದದ್ದೇ. ದೆಹಲಿಯ ಇ-ರಿಕ್ಷಾ ಚಾಲಕರೊಬ್ಬರ ಮಗ ಕಮಲ್ ಸಿಂಗ್ ಎಂಬ ತರುಣ ಹದಿನೇಳರ ಹೊತ್ತಿಗೆ ಬ್ಯಾಲೆ ಕಲಿಯತೊಡಗಿ, 2020ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಶಾಲೆಗೆ ಆಯ್ಕೆಯಾದ. ಶುಲ್ಕವನ್ನು ಜನರ ವಂತಿಗೆಯಿಂದ ಕೂಡಿಸಲಾಯಿತು. ಕೇಳಲು ಸೊಗಸಾದ ಕಥೆ. ಆದರೆ ಹಾಗೆ ಸುದ್ದಿಯಾಗದ ಮಕ್ಕಳೇ ಹೆಚ್ಚು. ಆ ಭರವಸೆಯ ಮೇಲೆ ಮನೆ ಅಡವಿಡಬಾರದು. ಲಂಡನ್ನಿನ ರಾಯಲ್ ಬ್ಯಾಲೆ ಶಾಲೆಯಂತಹ ಕಡೆಯಲ್ಲಿಯೂ ಹನ್ನೊಂದಕ್ಕೆ ಸೇರಿದ ಮಕ್ಕಳು ಕುಣಿತದೊಂದಿಗೆ ಎಲ್ಲರಂತೆ ಗಣಿತ, ಭಾಷೆ, ವಿಜ್ಞಾನ ಓದಿ ಸಾರ್ವಜನಿಕ ಪರೀಕ್ಷೆಗೆ ಕೂರುತ್ತಾರೆ. ಕಾಲು ಉಳುಕಿದರೆ, ಮನಸ್ಸು ತಿರುಗಿದರೆ ಬೇರೆ ದಾರಿ ಇರಲೆಂದೇ ಆ ಏರ್ಪಾಡು. ಆದ್ದರಿಂದ ಯಾವ ಕಲಾಶಾಲೆಯನ್ನು ವಿಚಾರಿಸಿದರೂ, ಹತ್ತನೆಯ ತರಗತಿಯ ಪರೀಕ್ಷೆಗೆ ಮಗುವನ್ನು ಹೇಗೆ ಸಿದ್ಧಪಡಿಸುತ್ತೀರೆಂದು ಕೇಳಿರಿ. ಹಾಸ್ಟೆಲಿನಲ್ಲಿ ರಾತ್ರಿ ಮಗುವಿಗೆ ಜ್ವರ ಬಂದರೆ ನೋಡುವವರಾರೆಂದು ಕೇಳಿರಿ. ಮಗು ತನ್ನ ಕಷ್ಟ ಹೇಳಿಕೊಳ್ಳಬಹುದಾದ, ಗುರುವಲ್ಲದ ಹಿರಿಯರೊಬ್ಬರು ಇದ್ದಾರೆಯೇ ಎಂದೂ ಕೇಳಿರಿ. ಗುರುಭಕ್ತಿಗೆ ಇದರಿಂದ ಕುಂದಿಲ್ಲ. ಮೂಗುಮುರಿದು ಉತ್ತರ ಕೊಡುವ ಕಡೆಗೆ ಕಳುಹಿಸಲೇಬಾರದು.

ಆ ತಾಯಿ ಇಂದು ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಹುಡುಗನೂ ಬಂದಿದ್ದಾನೆ. ಅಮ್ಮಾ, ಅವನನ್ನು ಆಯ್ಕೆಗೆ ಕರೆದುಕೊಂಡು ಹೋಗಿರಿ. ಓದು ಮುಗಿಯಲಿ ಎಂದ ನಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಆದಿತ್ಯವಾರ ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ನಮ್ಮ ಮನೆಯ ಚಾವಡಿಯಲ್ಲಿ ಮಲಯಾಳದ ಓದುಬರಹವನ್ನು ಹೇಳಿಕೊಡುತ್ತೇವೆ. ಸಹೋದ್ಯೋಗಿ ಮಲಯಾಳ ಅಧ್ಯಾಪಕರೊಬ್ಬರು ನೆರವಾಗಲು ಒಪ್ಪಿದ್ದಾರೆ. ಹೋಗಬೇಕೆಂದಿರುವ ಬೇರೆ ಮಕ್ಕಳೂ ಬರಬಹುದು. ಸ್ಲೇಟು ಬೇಡ, ಎರಡು ಗೆರೆಯ ಪುಸ್ತಕ ತಂದರೆ ಸಾಕು.