ಮನೆ ವೈರಿಂಗ್ ನಾನೇ ಮಾಡಿದೆ, ಅಪ್ರೂವಲ್‌ಗೆ ಹೋದಾಗ ಏನಾಯ್ತು?

ಈ ಎಪಿಸೋಡ್ ರೆಕಾರ್ಡ್ ಮಾಡ್ತಿರೋ ರೂಮ್ ಇದೆಯಲ್ಲ, ಇದರ ವೈರಿಂಗ್ ನಾನೇ ಮಾಡಿದ್ದು. ಮಹಡಿ ಮೇಲೆ ಹೊಸದಾಗಿ ಕಟ್ಟಿಸಿದ ಒಂದು ರೂಮ್, ಪಕ್ಕದಲ್ಲೇ ಬಾತ್‌ರೂಮ್. ಮೇಸ್ತ್ರಿ ಗೋಡೆಯೊಳಗೆ ಪೈಪ್ ಹಾಕಿಟ್ಟಿದ್ರು. ನಾನು ಯೂಟ್ಯೂಬ್ ನೋಡಿ ವೈರ್ ಎಳೆದೆ, ಎರಡು ಭಾನುವಾರದಲ್ಲಿ ಮುಗೀತು. ಲೈಟ್ ಹತ್ತಿತು, ಫ್ಯಾನ್ ತಿರುಗಿತು, ಗೀಸರ್‌ನಲ್ಲಿ ನೀರು ಕಾಯ್ತು. ಅಮ್ಮ ಬೀದಿಗೆಲ್ಲ ಹೇಳ್ಕೊಂಡು ಬಂದ್ರು, "ನನ್ನ ಮಗ ಓದಿದ್ದು ಬಿಕಾಂ, ಕರೆಂಟ್ ಕೆಲಸಾನೂ ಬರುತ್ತೆ" ಅಂತ.

ಮೂರು ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ಎಸಿ ಹಾಕ್ಸೋ ಆಸೆ ಬಂತು. ಕರೆಂಟ್ ಬಿಲ್ ತೆಗೆದು ನೋಡಿದ್ರೆ ಮಂಜೂರಾದ ಲೋಡ್ 2 ಕಿಲೋವ್ಯಾಟ್. ನಮ್ಮ ಗೀಸರ್ ಒಂದೇ 2 ಕಿಲೋವ್ಯಾಟ್! (ನೀವೂ ಒಮ್ಮೆ ನಿಮ್ಮ ಬಿಲ್ ನೋಡಿ. ಗೃಹಜ್ಯೋತಿ ಬಂದ ಮೇಲೆ ಎಷ್ಟು ಯೂನಿಟ್ ಅನ್ನೋದು ಬಿಟ್ಟು ಬೇರೆ ಸಾಲು ಓದೋದನ್ನೇ ಬಿಟ್ಟಿದ್ದೀವಿ.) ಸರಿ, ಲೋಡ್ ಜಾಸ್ತಿ ಮಾಡ್ಸೋಕೆ ಉಪವಿಭಾಗ ಕಚೇರಿಗೆ ಹೋದೆ. ಅರ್ಜಿ ಜೊತೆಗೆ ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಗುತ್ತಿಗೆದಾರರ ಕಂಪ್ಲೀಷನ್ ರಿಪೋರ್ಟ್, ಟೆಸ್ಟ್ ರಿಪೋರ್ಟ್ ಬೇಕು ಅಂದ್ರು. "ವೈರಿಂಗ್ ಯಾರು ಮಾಡಿದ್ದು?" "ನಾನೇ ಸರ್." ಅವರು ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿದ್ರು.

ಮನೆಗೆ ಬಂದು ನಿಯಮ ಓದಿದೆ. ನಮ್ಮ ದೇಶದಲ್ಲಿ 1956ರ ವಿದ್ಯುತ್ ನಿಯಮಗಳ ಕಾಲದಿಂದಲೂ ಈ ಮಾತಿದೆ. ಆಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ತಂದ ಸುರಕ್ಷತಾ ನಿಯಮಗಳಲ್ಲೂ ಅದೇ ಇತ್ತು. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಥರದ್ದನ್ನ, ಲೋಡು ಮತ್ತು ಸ್ವರೂಪ ಬದಲಾಗದ ಹಾಗೆ ನಾವೇ ಬದಲಾಯಿಸ್ಬಹುದು. ಹೊಸ ಲೈನ್ ಎಳೆಯೋದು, ಇದ್ದದ್ದನ್ನ ವಿಸ್ತರಿಸೋದು ಅಂದ್ರೆ ರಾಜ್ಯ ಸರ್ಕಾರದ ಲೈಸೆನ್ಸ್ ಇರೋ ಗುತ್ತಿಗೆದಾರರೇ ಮಾಡಿಸ್ಬೇಕು. ಅಂದ್ರೆ ನನ್ನ ಎರಡು ಭಾನುವಾರ ಪೂರ್ತಿ ನಿಯಮಬಾಹಿರ.

ಇಂಗ್ಲೆಂಡ್‌ನಲ್ಲಿರೋ ಫ್ರೆಂಡ್‌ಗೆ ಹೇಳಿದ್ರೆ ಅವನಿಗೆ ಆಶ್ಚರ್ಯ. ಅಲ್ಲಿ 2005ರಿಂದ ಕಟ್ಟಡ ನಿಯಮದಲ್ಲಿ 'ಪಾರ್ಟ್ ಪಿ' ಅಂತ ಒಂದು ಭಾಗ ಇದೆ. ಮನೆ ಮಾಲೀಕನೇ ಹೊಸ ಸರ್ಕ್ಯೂಟ್ ಎಳೀಬಹುದು, ಆದ್ರೆ ಶುರು ಮಾಡೋಕೆ ಮುಂಚೆನೇ ಸ್ಥಳೀಯ ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್‌ಗೆ ತಿಳಿಸಿ, ಫೀಸ್ ಕಟ್ಟಿ, ಪರೀಕ್ಷೆ ಮಾಡಿಸ್ಕೋಬೇಕು. ನಮ್ಮಲ್ಲಿ ಆ ಬಾಗಿಲು ಇಲ್ಲ. ಇರಬೇಕಿತ್ತು ಅಂತ ನನಗನ್ಸುತ್ತೆ. ಯಾಕಂದ್ರೆ ಅದಿಲ್ಲದ ಕಡೆ ಜನ ಇನ್ನೊಂದು ಬಾಗಿಲು ಹುಡುಕ್ತಾರೆ.

ನಾನೂ ಹುಡುಕಿದೆ. ಯಾರೋ ಒಬ್ಬ ಗುತ್ತಿಗೆದಾರರ ನಂಬರ್ ಕೊಟ್ರು. ಫೋನ್ ಮಾಡಿದೆ. "ಮನೆಗೆಲ್ಲ ಬರೋದು ಬೇಡ, ಆರ್‌ಆರ್ ನಂಬರ್ ವಾಟ್ಸ್ಆ್ಯಪ್ ಮಾಡಿ, ಸಂಜೆ ಸಹಿ ಹಾಕಿ ಕೊಡ್ತೀನಿ" ಅಂದ್ರು. ರೇಟೂ ಕಮ್ಮಿ. ನಿಜ ಹೇಳ್ತೀನಿ, ನಾನು ಒಪ್ಕೊಂಡುಬಿಟ್ಟಿದ್ದೆ. ದುಡ್ಡು ಕಳಿಸೋಕೆ ಆ್ಯಪ್ ತೆಗೆದಾಗ ಬಿಕಾಂ ಆಡಿಟಿಂಗ್ ಕ್ಲಾಸ್ ನೆನಪಾಯ್ತು: ವೋಚರ್ ನೋಡದೆ ಆಡಿಟ್ ರಿಪೋರ್ಟ್‌ಗೆ ಸಹಿ ಹಾಕೋದು. ಅಲ್ಲಿ ಹೋಗೋದು ದುಡ್ಡು. ಇಲ್ಲಿ ದಿನಾ ಬೆಳಿಗ್ಗೆ ಆ ಬಾತ್‌ರೂಮ್‌ನಲ್ಲಿ ನಲ್ಲಿ ಮುಟ್ಟೋದು ನಮ್ಮಮ್ಮ. ಆ್ಯಪ್ ಮುಚ್ಚಿದೆ.

ಎರಡನೇ ಗುತ್ತಿಗೆದಾರರು ಮೀಟರ್‌ಗಳನ್ನ ಹಿಡ್ಕೊಂಡು ಮನೆಗೇ ಬಂದ್ರು. ವಯಸ್ಸಾದವರು, ಮಾತು ಕಮ್ಮಿ. ಮೊದಲು ಡಿಬಿ ಬಾಕ್ಸ್‌ನ ಅರ್ಥ್ ಬಾರ್‌ನಿಂದ ಒಂದು ಉದ್ದ ವೈರ್ ಎಳೆದು, ಪ್ರತಿ ಸಾಕೆಟ್‌ನ ಮೇಲಿನ ದೊಡ್ಡ ತೂತಿಗೆ ಮೀಟರ್ ಇಟ್ರು. ಬೀಪ್, ಬೀಪ್, ಬೀಪ್. ಗೀಸರ್ ಪಾಯಿಂಟ್‌ಗೆ ಬಂದಾಗ ಸದ್ದೇ ಇಲ್ಲ. ಸೀಲಿಂಗ್ ಹತ್ರದ ಜಂಕ್ಷನ್ ಬಾಕ್ಸ್ ಬಿಚ್ಚಿದ್ರು. ಹಸಿರು ವೈರ್ ಒಳಗೆ ಸುಮ್ನೆ ನೇತಾಡ್ತಿತ್ತು. ನಾನು ಜಾಯಿಂಟ್ ಮಾಡೋದನ್ನೇ ಮರೆತಿದ್ದೆ.

ಇದರ ಅರ್ಥ ಏನು ಅಂದ್ರೆ, ಗೀಸರ್ ಕಾಯೋಕೆ ಅರ್ಥ್ ಬೇಕಿಲ್ಲ. ಫೇಸು, ನ್ಯೂಟ್ರಲ್ ಇದ್ರೆ ಸಾಕು. ಹಾಗಾಗಿ ತಪ್ಪು ಯಾರಿಗೂ ಕಾಣಲ್ಲ. ಒಳಗಿನ ಕಾಯಿಲ್ ಒಂದು ದಿನ ಸೀಳಿದಾಗ ಆ ಕರೆಂಟ್ ಹರಿದುಹೋಗೋಕೆ ದಾರಿ ಇರಲ್ಲ, ನೀರು ಮುಟ್ಟಿದವರ ಮೈಯೇ ದಾರಿ ಆಗುತ್ತೆ. ನಮ್ಮ ಹಳೇ ಡಿಬಿಯಲ್ಲಿ ಆರ್‌ಸಿಸಿಬಿ ಕೂಡ ಇರಲಿಲ್ಲ. ಬರೀ ಎಂಸಿಬಿ. ಎಂಸಿಬಿ ಉಳಿಸೋದು ವೈರನ್ನ. ಕರೆಂಟ್ ಸೋರೋದನ್ನ ಹಿಡಿದು 30 ಮಿಲಿಆ್ಯಂಪ್ ಒಳಗೇ ಲೈನ್ ಕಟ್ ಮಾಡೋದು ಆರ್‌ಸಿಸಿಬಿ. ಅದರ ಮೇಲೆ ಸಣ್ಣ 'ಟಿ' ಬಟನ್ ಇರುತ್ತೆ, ಒತ್ತಿದ್ರೆ ಟ್ರಿಪ್ ಆಗ್ಬೇಕು.

ಇನ್ನೊಂದು ತಪ್ಪೂ ಸಿಕ್ತು. 2.5 ಚದರ ಮಿಲಿಮೀಟರ್ ವೈರಿಗೆ 32 ಆ್ಯಂಪ್ ಎಂಸಿಬಿ ಹಾಕಿದ್ದೆ, "ಪದೇಪದೇ ಟ್ರಿಪ್ ಆಗ್ಬಾರ್ದು" ಅಂತ. ಗೋಡೆಯೊಳಗಿನ ವೈರ್ ಬಿಸಿಯಾಗಿ ಕರಗಿದ್ರೂ ಎಂಸಿಬಿ ಸುಮ್ನೆ ಕೂತಿರೋದು.

ಅವರು ನನ್ನ ಕೆಲಸಕ್ಕೆ ಸಹಿ ಹಾಕಲ್ಲ ಅಂದ್ರು. ಪರ್ಮಿಟ್ ಇರೋ ವೈರ್‌ಮನ್ ಕರೆಸಿ ಎಲ್ಲ ಜಾಯಿಂಟ್ ಬಿಚ್ಚಿಸಿ, ಹೊಸದಾಗಿ ಮಾಡ್ಸಿದ್ರು. ಕೊನೆಗೆ ಮೆಗ್ಗರ್ ಇಟ್ಟು 500 ವೋಲ್ಟ್ ಕೊಟ್ಟು ಇನ್ಸುಲೇಷನ್ ಅಳೆದ್ರು. ಕನಿಷ್ಠ 1 ಮೆಗಾಓಮ್ ಇರಬೇಕು. ನಂಬರ್ ನನಗೆ ತೋರಿಸಿ, ನನ್ನ ಮುಂದೆನೇ ರಿಪೋರ್ಟ್‌ನಲ್ಲಿ ಬರೆದ್ರು.

ನಿಮ್ಮನೇಲೂ ಇಂಥ ಕೆಲಸ ಇದ್ರೆ, ಮೊದಲು ಲೈಸೆನ್ಸ್ ಪ್ರತಿ ಕೇಳಿ, ಅವಧಿ ಮುಗಿದಿದೆಯಾ ನೋಡಿ. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಇಲಾಖೆ ಕೊಡೋ ಲೈಸೆನ್ಸ್ ಅದು. ಟೆಸ್ಟ್ ಮಾಡುವಾಗ ಪಕ್ಕದಲ್ಲೇ ನಿಂತ್ಕೊಳ್ಳಿ. ರಿಪೋರ್ಟ್‌ನಲ್ಲಿ ಅಳತೆ ಕಾಲಂ ಖಾಲಿ ಬಿಟ್ಟು ಸಹಿ ಮಾತ್ರ ಇದ್ರೆ ವಾಪಸ್ ಕೊಡಿ.

ಲೋಡ್ ಮಂಜೂರಾಗಿದೆ. ಎಸಿಗೆ ಇಟ್ಟಿದ್ದ ದುಡ್ಡು ರೀವೈರಿಂಗ್‌ಗೆ, ಆರ್‌ಸಿಸಿಬಿಗೆ ಹೋಯ್ತು. ಹಾಗಾಗಿ ಹಿಂದೆ ಫ್ಯಾನ್ ಶಬ್ದ ಕೇಳಿಸ್ತಿದ್ರೆ ಈ ಬೇಸಿಗೆ ಸ್ವಲ್ಪ ಸಹಿಸ್ಕೊಳ್ಳಿ.